ಕೆಟಲ್ ಜಾಳಿಗಿ ಹರಿದ್ರ ಮೊದಲ ತಳ ನೋಡ್ರಿ

ಚಹಾ ಕಪ್ಪಿನ್ಯಾಗ ಬಿಳಿ ಬಿಳಿ ಹಕ್ಕಳಿ ತೇಲ್ಲಾಕತ್ತಾವ ಅಂತ ಅವ್ವ ಮೂರು ದಿವಸದಿಂದ ಹೇಳ್ತಿದ್ಲು, ನಾನು ಹಾಲು ಒಡದಿರಬೇಕು ಬಿಡವ್ವ ಅಂದಿದ್ದೆ. ನಾಕನೇ ದಿನ ಬರೇ ಬಿಸಿನೀರು ಬಗ್ಗಿಸ್ಕೊಂಡು ಕುಡಿಲಾಕ ಹೋದ್ರ ಗಿಲಾಸಿನ ತಳದಾಗ ಸುಣ್ಣದ ಚೂರು ಕುಂತಿದ್ವು, ಹಾಲಿನ ಸಂಬಂಧಾನೇ ಇಲ್ಲ. ಕೆಟಲ್ ಬಾಯಿಗಿರೋ ಜಾಳಿಗಿ ಜಗ್ಗಿ ತೆಗದು ಕಿಡಕಿ ಬೆಳಕಿಗೆ ಹಿಡದು ನೋಡಿದೆ. ಒಂದು ಮೂಲಿ ಹರದದ, ಪ್ಲಾಸ್ಟಿಕ್ ಚೌಕಟ್ಟಿನ ಒಂದು ಕೊಕ್ಕಿ ಮುರದದ, ಉಳದ ಕಡಿ ತೂತೆಲ್ಲ ಸುಣ್ಣ ತುಂಬಿ ಮುಚ್ಚಿಹೋಗ್ಯಾವ.

ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಬಜಾರ ಕಡಿ ಹೋಗಿ ನಾಕು ಅಂಗಡಿ ಸುತ್ತಿ ಅದೇ ಮಾಡಲ್‌ಗೆ ಕೂಡೋ ಜಾಳಿಗಿ ಹುಡುಕಿ ತಂದು ಹಾಕಿದೆ, ಕೆಲಸ ಮುಗೀತು ಅನ್ಕೊಂಡೆ. ಮೂರು ವಾರ ಆಗಿಲ್ಲ, ಹೊಸಾದೂ ಕಟ್ಟಿಕೊಂಡು ನೀರು ಬಾಯಿಂದ ಬರೋದು ಬಿಟ್ಟು ಮುಚ್ಚಳದ ಸಂದಿನಿಂದ ಅವ್ವನ ಕೈ ಮ್ಯಾಲ ಸುರೀತು. ಪುಣ್ಯಾಕ ಕುದಿಯೋ ನೀರಲ್ಲ, ಜರಾ ಆರಿತ್ತು. ಅವತ್ತು ಕೂತು ಟಾರ್ಚ್ ಹಚ್ಚಿ ಕೆಟಲ್ ಒಳಗ ನೋಡಿದೆ. ತಳದ ಸ್ಟೀಲ್ ಕಾಣ್ತಾನೇ ಇಲ್ಲ, ಪೂರಾ ಬಿಳಿ, ಉಗುರಿನಿಂದ ಕೆರದ್ರ ಚಕ್ಕಿ ಚಕ್ಕಿಯಾಗಿ ಎದ್ದು ಬರ್ತದ. ರೋಗ ಇದ್ದದ್ದು ತಳದಾಗ, ನಾ ಔಷಧ ಹಚ್ಚಿದ್ದು ಬಾಯಿಗೆ. ಇದೇ ತಪ್ಪು ನಮ್ಮ ಓಣ್ಯಾಗ ಇನ್ನೂ ಎರಡು ಮನ್ಯಾಗ ನೋಡಿನಿ, ಒಬ್ರಂತೂ ಛಲೋ ಇದ್ದ ಕೆಟಲೇ ಬಿಸಾಕಿ ಹೊಸಾದು ತಂದಾರ, ಅದಕ್ಕ ಇಷ್ಟುದ್ದ ಬರೀಲಾಕತ್ತೀನಿ.

ಮೊದಲ ಆ ಜಾಳಿಗಿ ಯಾತಕ್ಕದ ಅನ್ನೋದು ತಿಳ್ಕೋರಿ. ಅದು ನೀರು ಶುದ್ಧ ಮಾಡೋ ಫಿಲ್ಟರ್ ಅಲ್ಲ. ತಳದಿಂದ ಎದ್ದ ಹಕ್ಕಳಿ ಕಪ್ಪಿಗೆ ಬೀಳದಂಗ ತಡಿಯೋದಷ್ಟೇ ಅದರ ಕೆಲಸ. ನೀರಿನ್ಯಾಗ ಕರಗಿರೋ ಸುಣ್ಣ ಅದ್ರಾಗಿಂದ ಆರಾಮಾಗಿ ದಾಟಿ ಹೋಗ್ತದ. ಅಂದಮ್ಯಾಲ ಜಾಳಿಗಿ ಇಲ್ಲದ ಕೆಟಲ್ ಉಪಯೋಗಿಸಿದ್ರ ಏನೂ ಅಪಾಯ ಇಲ್ಲ, ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ, ಹೊಸಾದು ಸಿಗೋ ತನಕ ಚಹಾ ಸೋಸೋ ಛನ್ನಿ ಹಿಡದು ಬಗ್ಗಿಸ್ಕೊಂಡ್ರ ಆಯ್ತು.

ಇನ್ನ ಹಕ್ಕಳಿ ಹ್ಯಾಂಗ ಕಟ್ತದ ಅಂದ್ರ, ಮಳಿ ನೀರು ನೆಲಕ್ಕ ಇಳಿಯೋವಾಗ ಮಣ್ಣಿನ್ಯಾಗಿನ ಕಾರ್ಬನ್ ಡೈಆಕ್ಸೈಡ್ ಕೂಡಿ ಸಣ್ಣ ಹುಳಿಯಾಗ್ತದ, ಆ ಹುಳಿನೀರು ಕಲ್ಲಿನ್ಯಾಗಿನ ಕ್ಯಾಲ್ಸಿಯಂ ಮ್ಯಾಗ್ನೀಸಿಯಂ ಕರಗಿಸ್ಕೊಂಡು ಬೋರ್‌ನ್ಯಾಗ ಮ್ಯಾಲ ಬರ್ತದ, ನಾವು ಕುದಿಸಿದಾಗ ಆ ಗ್ಯಾಸ್ ಹಾರಿಹೋಗಿ ಕ್ಯಾಲ್ಸಿಯಂ ತಿರುಗಿ ಕಲ್ಲಾಗಿ ಎಲ್ಲಿ ಬಿಸಿ ಜಾಸ್ತಿ ಅದನೋ ಅಲ್ಲೇ ಕೂಡ್ತದ. ನಮ್ಮ ಜಿಲ್ಲಾದಾಗ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಮಳಖೇಡ ಕಡಿ ನೆಲದಾಗ ಇರೋದೇ ಸುಣ್ಣದ ಕಲ್ಲು, ಸಿಮೆಂಟ್ ಫ್ಯಾಕ್ಟರಿ ಅಲ್ಲಿ ಬಂದಿದ್ದೇ ಅದಕ್ಕ. ಆಳಂದ ಅಫಜಲಪುರ ಕಡಿ ಕರಿಕಲ್ಲು, ಅದೂ ನೀರಿಗೆ ಕ್ಯಾಲ್ಸಿಯಂ ಮ್ಯಾಗ್ನೀಸಿಯಂ ಬಿಡ್ತದ. ಹಂಗಾಗಿ ಕೆಟಲ್ ತಳದಾಗಿನ ಹಕ್ಕಳಿ ಮತ್ತ ನಮ್ಮ ಮನಿ ನೆಲಕ್ಕ ಹಾಸಿದ ಶಹಾಬಾದಿ ಫರಸಿ ಒಂದೇ ಜಾತಿದು. ನಂಬಿಕಿ ಬರ್ಲಿಲ್ಲಂದ್ರ ಒಂದು ಚೂರು ಹಕ್ಕಳಿ ತಾಟಿನ್ಯಾಗಿಟ್ಟು ಅದರ ಮ್ಯಾಲ ನಾಕು ಹನಿ ವಿನೆಗರ್ ಬಿಡ್ರಿ, ಒಡದ ಫರಸಿ ತುಂಡಿದ್ರ ಅದರ ಪುಡಿ ಮ್ಯಾಲೂ ಬಿಡ್ರಿ, ಸಣ್ಣ ಸಣ್ಣ ಗುಳ್ಳಿ ಏಳ್ತಾವ. ಈ ಪರೀಕ್ಷಾ ಆಟಕ್ಕಲ್ಲ. ಗುಳ್ಳಿ ಎದ್ರ ಅದು ಸುಣ್ಣ, ಹುಳಿಗೆ ಕರಗ್ತದ. ಏಳಲಿಲ್ಲಂದ್ರ ಬ್ಯಾರೆ ಉಪ್ಪು ಇರಬಹುದು, ಇಲ್ಲಾ ಪ್ಲಾಸ್ಟಿಕ್ ಕಿತ್ತು ಬರ್ತಿರಬಹುದು, ಆಗ ಮುಂದಿನ ದಾರಿನೇ ಬ್ಯಾರೆ.

ನೀರಿನ ಗುರುತು ಹಿಡಿಲಾಕ ಮಷೀನ್ ಬೇಕಂತಿಲ್ಲ, ಅಡಗಿ ಮನಿನೇ ಹೇಳ್ತದ. ನಮ್ಮ ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಊರಿನ ಹೆಸರಿನ ಸರಕಾರಿ ಗುರುತು, ಸಿಕ್ಕದ, ಅಂಥಾ ಬ್ಯಾಳಿ ಕುಕ್ಕರ್‌ನ್ಯಾಗ ಆರು ಸೀಟಿ ಹೊಡದ್ರೂ ಬೇಯಂಗಿಲ್ಲ ಅಂದ್ರ ಬ್ಯಾಳಿ ಮ್ಯಾಲ ಸಿಟ್ಟಾಗೋಕಿಂತ ಮೊದಲ ನೀರು ನೋಡ್ರಿ. ನೀರಿನ್ಯಾಗಿನ ಕ್ಯಾಲ್ಸಿಯಂ ಬ್ಯಾಳಿಯೊಳಗಿನ ಪೆಕ್ಟಿನ್ ಅನ್ನೋ ಅಂಟು ಹಿಡದು ಗಟ್ಟಿ ಮಾಡ್ತದ, ಅದಕ್ಕ ಮೆತ್ತಗಾಗಂಗಿಲ್ಲ. ಅವ್ವ ಬ್ಯಾಳಿಗೆ ಯಾವತ್ತೂ ನಳದ ನೀರೇ ಇಡ್ತಾಳ, ಬೋರಿಂದು ಭಾಂಡಿಗೆ. ಕೆಟಲಿಗೆ ಮಾತ್ರ ಯಾವ ಕೊಡ ಹತ್ರ ಇರ್ತದೋ ಅದರದ್ದು ಹಾಕ್ತಿದ್ವಿ, ಅಲ್ಲೇ ಕೆಟ್ಟಿದ್ದು. ಇನ್ನೊಂದು ಗುರುತು, ಚಹಾ ಮ್ಯಾಲ ಕೆನಿ ಅಲ್ಲದ ಒಂದು ಕಂದು ಪರಿ ಕಟ್ತದ, ಎಣ್ಣಿ ಹಂಗ ಮಿಂಚ್ತದ. ಅದು ಚಹಾದ ಒಗರು ಮತ್ತ ಸುಣ್ಣ ಕೂಡಿ ಆಗೋದು. ಕರಿ ಚಹಾದಾಗ ಛಲೋ ಕಾಣ್ತದ, ಎರಡು ಹನಿ ಲಿಂಬಿ ಹಿಂಡಿದ್ರ ಆಗಂಗಿಲ್ಲ.

ಮಷೀನ್ ವಿಷಯ ಬಂದದ್ದಕ್ಕ ಹೇಳ್ತೀನಿ, ಆನ್‌ಲೈನ್‌ನ್ಯಾಗ ಸಿಗೋ ಟಿಡಿಎಸ್ ಪೆನ್ನು ನೀರಿನ್ಯಾಗಿರೋ ಎಲ್ಲಾ ಉಪ್ಪಿನ ಒಟ್ಟು ಅಂದಾಜು ತೋರಸ್ತದ, ಗಡಸುತನ, ಅಂದ್ರ ಕ್ಯಾಲ್ಸಿಯಂ ಮ್ಯಾಗ್ನೀಸಿಯಂ ಎಷ್ಟದ ಅನ್ನೋದು, ಬ್ಯಾರೆ ತೋರಸಂಗಿಲ್ಲ. ಗಡಸುತನಕ್ಕ ಬ್ಯಾರೆ ಟೆಸ್ಟ್ ಸ್ಟ್ರಿಪ್ ಬರ್ತಾವ. ಬಿಐಎಸ್, ಅಂದ್ರ ಭಾರತೀಯ ಮಾನಕ ಬ್ಯೂರೋದ ಕುಡಿಯೋ ನೀರಿನ ಮಾನದಂಡ, ಐಎಸ್ 10500, ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಒಪ್ತದ, ಬ್ಯಾರೆ ನೀರೇ ಇಲ್ಲಂದ್ರ 600 ತನಕ ನಡೀತದ ಅಂತದ. ಒಂದು ಲೆಕ್ಕ ಹಾಕ್ರಿ. ನೀರಿನ ಗಡಸುತನ 400 ಅದ ಅನ್ನೋಣ, ದಿನಕ್ಕ ಆರು ಲೀಟರ್ ಕುದಿಸ್ತೀರಿ, ಅದ್ರಾಗ ಕಾಲು ಭಾಗ ಸುಣ್ಣ ತಳಕ್ಕ ಕುಂತ್ರೂ ತಿಂಗಳಿಗೆ 18 ಗ್ರಾಂ ಕಲ್ಲು. ಅಷ್ಟು ಕಲ್ಲು ತಡ್ಕೊಳ್ಳೋ ಜಾಳಿಗಿ ಯಾರೂ ಮಾಡಿಲ್ಲ.

ಈಗ ಕೆಟಲ್ ಹ್ಯಾಂಗ ಕೆಟ್ಟದ ಅನ್ನೋದರ ಮ್ಯಾಲ ಎಲ್ಲಿ ನೋಡಬೇಕು ಅನ್ನೋದು ಹೇಳ್ತೀನಿ.

ಕಪ್ಪಿನ್ಯಾಗ ಹಕ್ಕಳಿ ಬೀಳ್ತಾವ ಅಂದ್ರ ಜಾಳಿಗಿ ಹರದದ ಇಲ್ಲಾ ಸರಿ ಕುಂತಿಲ್ಲ, ಆದ್ರ ಹಕ್ಕಳಿ ಹುಟ್ಟೋದು ತಳದಾಗ, ತಳ ಸ್ವಚ್ಛ ಮಾಡಿ ಆಮ್ಯಾಲ ಜಾಳಿಗಿ. ನೀರು ಸಣ್ಣಗ ಬರ್ತದ, ಮುಚ್ಚಳದಿಂದ ಸುರೀತದ ಅಂದ್ರ ಜಾಳಿಗಿ ಹರದಿಲ್ಲ, ಕಟ್ಟ್ಯದ. ಇದು ಹರದದ್ದಕಿಂತ ಅಪಾಯ, ಕೈ ಸುಡ್ತದ, ಹಂಗಾಗಿ ಅವತ್ತೇ ತೆಗದಿಡ್ರಿ.

ಕುದಿಯೋ ಮೊದಲೇ ಟಕ್ ಅಂತ ಬಂದ್ ಆಗ್ತದ, ಐದು ನಿಮಿಷ ಬಿಟ್ಟು ಮತ್ತ ಚಾಲೂ ಆಗ್ತದ, ಇದನ್ನ ಜನ ಕೆಟಲ್ ಸತ್ತದ ಅಂತ ತಿಳ್ಕೋತಾರ. ಬಹಳ ಸಲ ಸತ್ತಿರಂಗಿಲ್ಲ. ತಳದ ಕೆಳಗ ನೀರಿಲ್ಲದ ಸುಡೋದು ತಡಿಲಾಕ ಒಂದು ಬೈಮೆಟಲ್ ಪಟ್ಟಿ ಇರ್ತದ, ಎರಡು ಲೋಹ ಕೂಡ್ಸಿದ ತಗಡು, ಬಿಸಿ ಜಾಸ್ತಿ ಆದ್ರ ಬಾಗಿ ಕರೆಂಟ್ ಕಡೀತದ. ಹಕ್ಕಳಿ ದಪ್ಪ ಕುಂತಾಗ ಪ್ಲೇಟಿನ ಬಿಸಿ ನೀರಿಗೆ ಸರಿಯಾಗಿ ಹೋಗಂಗಿಲ್ಲ, ಪ್ಲೇಟ್ ಕಾದು ಕೆಂಡ ಆಗ್ತದ, ಪಟ್ಟಿ ಒಳಗ ನೀರೇ ಇಲ್ಲ ಅನ್ಕೊಂಡು ಬಂದ್ ಮಾಡ್ತದ. ಪಾಪ ಅದು ತನ್ನ ಕೆಲಸ ಮಾಡ್ಲಾಕತ್ತದ. ಕೆಟಲ್ ಮೊದಲಿಗಿಂತ ಜಾಸ್ತಿ ಗುರ್ ಅಂತ ಸದ್ದು ಮಾಡೋದೂ ಇದಕ್ಕೇ, ಹಕ್ಕಳಿ ಸಂದಿನ್ಯಾಗ ಸಣ್ಣ ಗುಳ್ಳಿ ಎದ್ದು ಒಡೀತಿರ್ತಾವ. ಹಕ್ಕಳಿ ತೆಗದ ಮ್ಯಾಲೂ ನಡುವೇ ಬಂದ್ ಆದ್ರ ಮಾತ್ರ ಥರ್ಮೋಸ್ಟಾಟ್, ಅಂದ್ರ ಆ ಪಟ್ಟಿ ಇರೋ ಭಾಗದ ಮ್ಯಾಲ ಸಂಶಯ ಪಡ್ರಿ.

ಕುದ್ದರೂ ಬಂದ್ ಆಗ್ತಾ ಇಲ್ಲ ಅಂದ್ರ ಇದರ ಉಲ್ಟಾ. ಅದಕ್ಕ ಹಿಡಿಕಿ ಕಡಿ ಇನ್ನೊಂದು ಪಟ್ಟಿ ಅದ, ಅದು ಹಬಿ ತಾಗಿದ್ರ ಬಾಗ್ತದ. ಮುಚ್ಚಳ ಪೂರಾ ಮುಚ್ಚಿಲ್ಲಂದ್ರ ಹಬಿ ಹೊರಗ ಹೋಗ್ತದ, ಪಟ್ಟಿಗೆ ಮುಟ್ಟಂಗಿಲ್ಲ. ಮುಚ್ಚಳದ ಅಂಚಿಗೆ ಹಕ್ಕಳಿ ಕುಂತು ಸರಿ ಕೂಡ್ತಿಲ್ಲೇನು ನೋಡ್ರಿ, ಒಳಗ ಮ್ಯಾಲ ಹಿಡಿಕಿ ಹತ್ರ ಇರೋ ಹಬಿ ತೂತು ಮುಚ್ಚ್ಯದೇನು ನೋಡ್ರಿ.

ನೀರು ಕಾಯಲಾಕ ಭಾಳ ಹೊತ್ತು ಹಿಡೀತದ ಅನ್ನೋದಕ್ಕ ಎಲ್ಲಾರೂ ಹಕ್ಕಳಿಗೇ ಬೈತಾರ, ನಾನೂ ಬೈದಿನಿ, ಆದ್ರ ಇಲ್ಲಿ ಬಹಳ ಸಲ ತಪ್ಪು ವೋಲ್ಟೇಜಿಂದು. 1500 ವ್ಯಾಟಿನ ಕೆಟಲ್ 30 ಡಿಗ್ರಿ ನೀರು ಒಂದು ಲೀಟರ್ ಕುದಿಸ್ಲಾಕ ಲೆಕ್ಕದಾಗ ಮೂರೂ ಕಾಲು ನಿಮಿಷ, ಹೊರಗ ಹೋಗೋ ಬಿಸಿ ಹಿಡದು ನಾಕು ನಿಮಿಷ ಅನ್ರಿ. ಬ್ಯಾಸಿಗಿ ಸಂಜಿ ಓಣಿ ತುಂಬ ಕೂಲರ್ ಎಸಿ ಚಾಲೂ ಆಗಿ ವೋಲ್ಟೇಜ್ 230ರಿಂದ 190ಕ್ಕ ಇಳೀತು ಅಂದ್ರ ಅದೇ ಕೆಟಲ್ ಸಾವಿರ ವ್ಯಾಟ್‌ದಷ್ಟೇ ಕೆಲಸ ಮಾಡ್ತದ, ಐದು ನಿಮಿಷ ದಾಟ್ತದ. ಮುಂಜಾನಿ ಐದಕ್ಕ ಒಂದ್ಸಲ, ರಾತ್ರಿ ಎಂಟಕ್ಕ ಒಂದ್ಸಲ ಅಷ್ಟೇ ನೀರು ಹಾಕಿ ಮೊಬೈಲ್‌ನ್ಯಾಗ ಟೈಮ್ ಹಿಡೀರಿ. ಮುಂಜಾನಿ ಬೇಗ, ರಾತ್ರಿ ತಡ ಅಂದ್ರ ಕೆಟಲ್ ಬಿಚ್ಚೋ ಕೆಲಸ ಇಲ್ಲ.

ಬೀದರದಾಗ ಅಕ್ಕನ ಮನಿ ಅದ, ಆಕಿ ಕೆಟಲ್‌ನ್ಯಾಗ ಬಿಳಿ ಅಲ್ಲ, ಕೆಂಪು ಕಲಿ. ಸ್ಟೀಲ್‌ಗೆ ಜಂಗು ಹಿಡದದ ಅಂತ ಗಾಬರಿಯಾಗಿ ಫೋನ್ ಮಾಡಿದ್ಲು. ಅಲ್ಲಿನ ನೆಲ ಕೆಂಪು ಜಂಬಿಟ್ಟಿಗಿ ಕಲ್ಲು, ಅದ್ರಾಗ ಕಬ್ಬಿಣದಂಶ ಅದ. ಅದೂ ಹುಳಿಗೆ ಹೋಗ್ತದ ನೋಡವ್ವಾ ಅಂದೆ, ಹೋಯ್ತು. ಹೋಗದೇ ಅದೇ ಜಾಗದಾಗ ಗುಂಡಿ ಬಿದ್ದಂಗ ಕಂಡ್ರ ಅದು ಖರೆ ಜಂಗು.

ಹಕ್ಕಳಿ ತೆಗಿಯೋದು ಹಿಂಗ. ಕಿರಾಣಿ ಅಂಗಡ್ಯಾಗ ಲಿಂಬಿ ಉಪ್ಪು ಅಂತ ಕೇಳ್ರಿ, ಸಿಟ್ರಿಕ್ ಆಸಿಡ್, ಅಡಗಿಗೆ ಹಾಕೋದೇ. ಒಂದು ಲೀಟರ್ ನೀರಿಗೆ 25 ಗ್ರಾಂ, ಅಂದ್ರ ಎರಡು ದೊಡ್ಡ ಚಮಚ. ಮೊದಲ ಬರೇ ನೀರು ಕಾಯಿಸಿ ಕುದಿ ಬರೋ ಮೊದಲ ಸ್ವಿಚ್ ಬಂದ್ ಮಾಡಿ ಪ್ಲಗ್ ತೆಗದು, ಆಮ್ಯಾಲ ಪುಡಿ ಸಾವಕಾಶ ಹಾಕ್ರಿ, ಒಮ್ಮೇ ಸುರಿದ್ರ ನೊರಿ ಉಕ್ಕಿ ಮ್ಯಾಲ ಬರ್ತದ. ಅರ್ಧ ತಾಸು ಬಿಡ್ರಿ. ಜೋರು ಕುದಿಸಬ್ಯಾಡ್ರಿ, ಇದನ್ನ ಭಾಳ ಮಂದಿ ತಪ್ಪು ಮಾಡ್ತಾರ, ಯಾಕಂದ್ರ ಹುಳಿ ಮತ್ತ ಸುಣ್ಣ ಕೂಡಿ ಆಗೋ ಕ್ಯಾಲ್ಸಿಯಂ ಸಿಟ್ರೇಟ್ ತಣ್ಣನ ನೀರಿಗಿಂತ ಬಿಸಿ ನೀರಿನ್ಯಾಗ ಕಡಿಮಿ ಕರಗ್ತದ, ಕುದಿಸಿದ್ರ ಅದೇ ಬಿಳಿ ಪುಡಿಯಾಗಿ ತಿರುಗಿ ಕೂಡ್ತದ. ನೀರು ಚೆಲ್ಲಿ, ಉಳದದ್ದಕ್ಕ ಹೊಸ ನೀರು ಹೊಸ ಪುಡಿ ಹಾಕಿ ಇನ್ನೊಂದ್ಸಲ. ನಂದಕ್ಕ ಮೂರು ಸಲ ಬೇಕಾಯ್ತು, ಮೂರನೇ ಸಲಕ್ಕ ತಳದ ಸ್ಟೀಲ್ ಕನ್ನಡಿ ಹಂಗ ಹೊಳೀತು, ಅವ್ವನ್ನ ಕರದು ತೋರಿಸಿದೆ. ಕಡಿಗೆ ಬರೇ ನೀರು ಎರಡು ಸಲ ಕುದಿಸಿ ಚೆಲ್ಲಬೇಕು. ಚೆಲ್ಲೋವಾಗ ಶಹಾಬಾದಿ ಫರಸಿ ಮ್ಯಾಲ ಬೀಳದಂಗ ನೋಡ್ರಿ, ಅದೂ ಸುಣ್ಣದ ಕಲ್ಲೇ ಅಲ್ಲೇನು, ಪಾಲಿಶ್ ಹೋಗಿ ಬಿಳಿ ಕಲಿ ಉಳೀತದ, ನಮ್ಮ ಅಡಗಿ ಮನಿ ಕಟ್ಟಿ ಮ್ಯಾಲ ಒಂದು ಉಳದದ.

ಲಿಂಬಿಹಣ್ಣು ನಡೀತದೇನು ಅಂತ ಕೇಳ್ತಾರ. ನಡೀತದ, ಆದ್ರ ಒಂದು ಹಣ್ಣಿನ್ಯಾಗ ಇರೋ ಹುಳಿ ಸುಮಾರು ಎರಡು ಗ್ರಾಂ, ಒಂದು ಗ್ರಾಂ ಹಕ್ಕಳಿಗೆ ಬೇಕಾಗೋದು ಒಂದೂ ಕಾಲು ಗ್ರಾಂಗಿಂತ ಜಾಸ್ತಿ, ಹಂಗಾಗಿ ವಾರಕ್ಕೊಮ್ಮೆ ತೊಳಿಯೋರಿಗೆ ಸಾಕು, ವರ್ಷದ ಹಕ್ಕಳಿಗೆ ಡಜನ್‌ಗಟ್ಲೆ ಹಣ್ಣು ಹೋಗ್ತಾವ. ವಿನೆಗರ್ ಅರ್ಧ ನೀರರ್ಧ ಹಾಕಿದ್ರೂ ಆಗ್ತದ, ವಾಸನಿ ಎರಡು ದಿನ ಬಿಡಂಗಿಲ್ಲ. ಹುಣಸಿಹಣ್ಣು ತಾಮ್ರದ ಬಿಂದಿಗಿಗೆ ಭಾಳ ಛಲೋ, ಕೆಟಲಿಗೆ ಬ್ಯಾಡ. ಹುಣಸಿ ಹುಳಿ ಟಾರ್ಟಾರಿಕ್, ಅದು ಸುಣ್ಣಕ್ಕ ಕೂಡಿದ್ರ ನೀರಿನ್ಯಾಗ ಸರಿಯಾಗಿ ಕರಗದ ಉಪ್ಪಾಗ್ತದ, ಮ್ಯಾಲ ಬಣ್ಣ ಬ್ಯಾರೆ ಹತ್ತತದ. ಸೋಡಾ ಪುಡಿ ಮತ್ತ ವಿನೆಗರ್ ಎರಡೂ ಕೂಡಿಸಿ ಹಾಕ್ರಿ ಅನ್ನೋ ವಿಡಿಯೋ ಸುಮಾರು ಅವ, ನೊರಿ ಛಂದ ಬರ್ತದ, ಆದ್ರ ಸೋಡಾ ಹುಳಿ ತಿಂದು ಹಾಕ್ತದ, ಹಕ್ಕಳಿಗೆ ಏನೂ ಉಳಿಯಂಗಿಲ್ಲ. ಸ್ಫಟಿಕ ಕಲ್ಲು, ಅಂದ್ರ ಆಲಂ, ನೀರಿನ್ಯಾಗ ಹೊರಳಿಸಿದ್ರ ರಾಡಿ ಕೂಡ್ತದ, ಗಡಸುತನ ಹೋಗಂಗಿಲ್ಲ.

ಸಂಡಾಸ ತೊಳಿಯೋ ಆಸಿಡ್ ಕೆಟಲಿಗೆ ಹಾಕಬ್ಯಾಡ್ರಿ. ಸುಣ್ಣ ಒಂದೇ ಕ್ಷಣಕ್ಕ ಹೋಗ್ತದ ಖರೆ, ಆದ್ರ ಅದರಾಗಿನ ಕ್ಲೋರೈಡ್ ಸ್ಟೀಲ್ ತಿಂದು ಸಣ್ಣ ಸಣ್ಣ ಗುಂಡಿ ಮಾಡ್ತದ, ಅಲ್ಲದ ಅದು ನಾವು ಕುಡಿಯೋ ಪಾತ್ರಿ. ಬ್ಲೀಚಿಂಗ್ ಪುಡಿ ಮತ್ತ ಯಾವ ಹುಳಿನೂ ಎಂದೂ ಕೂಡಿಸಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಏಳ್ತದ, ಮುಚ್ಚಿದ ಅಡಗಿ ಮನ್ಯಾಗ ಉಸಿರು ಹಿಡೀತದ. ತಂತಿ ಬ್ರಷ್, ಚಾಕು ಹಾಕಿ ಕೆರೀಬ್ಯಾಡ್ರಿ, ಗೀರು ಬಿದ್ದ ಜಾಗದಾಗ ಮುಂದ ಹಕ್ಕಳಿ ಇನ್ನೂ ಗಟ್ಟಿ ಹಿಡೀತದ.

ಜಾಳಿಗಿಗೆ ಬಂದ್ರ, ಕಟ್ಟಿದ್ದಷ್ಟೇ ಆದ್ರ ಅದೇ ಲಿಂಬಿ ಉಪ್ಪಿನ ಉಗುರುಬೆಚ್ಚಗಿನ ನೀರಿನ್ಯಾಗ ಅರ್ಧ ತಾಸು ನೆನಸಿ ಹಳೇ ಟೂತ್‌ಬ್ರಷ್‌ದಿಂದ ಒಳಗಿನ ಕಡಿಯಿಂದ ಹೊರಗ ತಿಕ್ಕ್ರಿ. ಕುದಿಯೋ ನೀರಿಗೆ ಹಾಕಿದ್ರ ಸಣ್ಣ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಾಗಿ ಆಮ್ಯಾಲ ಕೂಡಂಗಿಲ್ಲ. ನನ್ನ ಮೊದಲನೇದು ಹರದದ್ದು ಒಣಗಿದ ಹಕ್ಕಳಿನ ಪಿನ್ನಿಂದ ಚುಚ್ಚಿ ತೆಗಿಲಾಕ ಹೋಗಿ. ಹರದ ಜಾಳಿಗಿಗೆ ಗೋಂದು, ಎಂ-ಸೀಲ್ ಏನೂ ಹಚ್ಚಬ್ಯಾಡ್ರಿ, ಕುದಿಯೋ ಕುಡಿಯೋ ನೀರಿಗೆ ಅವು ಮಾಡಿದ್ದಲ್ಲ, ಕಿತ್ತು ಕಪ್ಪಿಗೇ ಬರ್ತಾವ. ಹೊಸಾದು ತರೋವಾಗ ಹಳೇದು ಕೈಯಾಗ ಹಿಡ್ಕೊಂಡೇ ಹೋಗ್ರಿ, ತಳದಾಗ ಬರದ ಮಾಡಲ್ ನಂಬರ್ ಫೋಟೋನೂ ಇರ್ಲಿ. ನೋಡಲಾಕ ಒಂದೇ ನಮೂನಿ ಇರ್ತಾವ, ಕೊಕ್ಕಿ ಎರಡು ಮಿಲಿಮೀಟರ್ ಆಚೀಚಿ ಇದ್ರೂ ಬಗ್ಗಿಸಿದಾಗ ಕಳಚಿ ಕಪ್ಪಿಗೆ ಬೀಳ್ತದ.

ಹಕ್ಕಳಿ ಹೊಟ್ಟಿಗೆ ಹೋದ್ರ ಏನಾಗ್ತದ ಅಂತ ಅವ್ವಗ ಭಾಳ ಚಿಂತಿ ಇತ್ತು. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೋನೇಟ್, ಹೊಟ್ಟಿ ಹುಳಿಗೆ ತಿನ್ನೋ ಕೆಲವು ಚೀಪೋ ಗುಳಿಗಿದಾಗೂ ಅದೇ ಇರ್ತದ. ನೀರಿನ ಗಡಸುತನಕ್ಕ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕಂತ ಮಿತಿ ಇಟ್ಟಿಲ್ಲ. ಕಿಡ್ನಿ ತೊಂದ್ರಿ ಇದ್ದೋರು ಮಾತ್ರ ಡಾಕ್ಟರ್‌ಗೆ ಕೇಳೇ ನೀರು ಆರಿಸ್ಕೋಬೇಕು. ಕರಿ ಚಕ್ಕಿ, ಮೆತ್ತನ ಚೂರು, ಹುಳಿಗೆ ಕರಗದ ಚೂರು ಬಂದ್ರ ಅದು ಒಳಗಿನ ಕೋಟಿಂಗ್ ಇಲ್ಲಾ ಪ್ಲಾಸ್ಟಿಕ್, ಆ ಕೆಟಲ್ ನೀರು ಕುಡೀಬ್ಯಾಡ್ರಿ.

ನಾವು ಈಗ ಕೆಟಲಿಗಂತ ಒಂದು ಸಣ್ಣ ತಂಬಿಗಿ ಬ್ಯಾರೆ ಇಟ್ಟೀವಿ, ಅದಕ್ಕ ನಳದ ನೀರು ಇಲ್ಲಾ ಆರ್‌ಒ ನೀರು, ಕಾಯಿನ್ ಹಾಕಿ ತರೋ ಕ್ಯಾನಿಂದು ಆದ್ರೂ ನಡೀತದ. ಮೇ ತಿಂಗಳ ನಳ ನಿಂತು ಬೋರೇ ಗತಿ ಆದಾಗ ರಾತ್ರಿ ಭಾಂಡಿನ್ಯಾಗ ಕುದಿಸಿ ಮುಚ್ಚಿಟ್ಟು ಮುಂಜಾನಿ ಮ್ಯಾಲಿನ ತಿಳಿ ಅಷ್ಟೇ ಕೆಟಲಿಗೆ ಹಾಕ್ತೀವಿ, ಪೂರಾ ಅಲ್ಲದಿದ್ರೂ ಒಂದಿಷ್ಟು ಸುಣ್ಣ ಭಾಂಡಿನ್ಯಾಗೇ ಉಳೀತದ, ಭಾಂಡಿ ತಿಕ್ಕೋದು ಸಸಾರ. ಉಳದ ನೀರು ಕೆಟಲ್‌ನ್ಯಾಗೇ ಬಿಡೋದು ಬಂದ್ ಮಾಡೀವಿ, ರಾತ್ರಿ ಬಗ್ಗಿಸಿ ಬಾಯಿ ತೆಗದಿಡ್ತೀವಿ. ಹದಿನೈದು ದಿನಕ್ಕೊಮ್ಮೆ ಲಿಂಬಿ ಉಪ್ಪು, ಬೋರ್ ನೀರಿನ ದಿನದಾಗ ವಾರಕ್ಕೊಮ್ಮೆ. ಎರಡನೇ ಜಾಳಿಗಿ ತೊಳದು ಹಾಕಿದ್ದು ಇನ್ನೂ ಅದೇ ನಡದದ.

ಕರೆಂಟಿನ ಮಾತು ಎರಡೇ. 1500 ವ್ಯಾಟ್ ಅಂದ್ರ ಆರೂವರಿ ಆಂಪಿಯರ್, ಅದಕ್ಕ 6 ಆಂಪಿನ ಹಳೇ ಎಕ್ಸ್‌ಟೆನ್ಷನ್ ಬಾಕ್ಸ್ ಬ್ಯಾಡ, ದೊಡ್ಡ 16 ಆಂಪಿನ ಸಾಕೆಟ್ಟಿಗೇ ಹಾಕ್ರಿ, ಅರ್ಥಿಂಗ್ ಇರ್ಲಿ. ತೊಳಿಯೋವಾಗ ಕೆಟಲ್ ತಳ ನಳದ ಕೆಳಗ ಹಿಡೀಬ್ಯಾಡ್ರಿ, ಅಲ್ಲಿ ಕನೆಕ್ಟರ್ ಅದ. ತಳದಿಂದ ನೀರು ಸೋರಿ ಸ್ಟ್ಯಾಂಡ್ ಒದ್ದಿ ಆಗ್ತಿದ್ರ, ಹಚ್ಚಿದ ಕೂಡ್ಲೇ ಮನಿ ಕರೆಂಟ್ ಕಡಿಯೋ ಎಂಸಿಬಿ ಸ್ವಿಚ್ ಬೀಳ್ತಿದ್ರ, ಮುಟ್ಟಿದ್ರ ಜುಂ ಅಂತಿದ್ರ, ಹಕ್ಕಳಿ ಜಾಳಿಗಿ ಯಾವುದೂ ನೋಡಬ್ಯಾಡ್ರಿ, ಮೊದಲ ಗ್ವಾಡಿ ಸ್ವಿಚ್ ಬಂದ್ ಮಾಡಿ ಪ್ಲಗ್ ತೆಗದು ಕೆಟಲ್ ಬದಿಗಿಡ್ರಿ, ವಯರ್ ಕತ್ತರಿಸಿಡ್ರಿ, ಮನ್ಯಾಗ ಇನ್ನೊಬ್ರು ತಿಳೀದೇ ಚಾಲೂ ಮಾಡಬಾರ್ದು.